ಒಂಬತ್ತು ಗಿಟಾರು, ಒಂದು ಬಾಡಿಗೆ ಮನೆ

ಡೊಂಬಿವಲಿ ಪೂರ್ವದ ನಮ್ಮ ಕಟ್ಟಡಕ್ಕೆ ಈಗ 42 ವರ್ಷ. ನಾಲ್ಕು ಮಾಳಿಗೆ, ಹದಿನಾರು ಮನೆ, ಲಿಫ್ಟ್ ಇಲ್ಲ. ಕಳೆದ ಮಳೆಗಾಲದಲ್ಲಿ ಮೂರನೇ ಮಾಳಿಗೆಯ ಬಾಲ್ಕನಿಯ ಗಾರೆ ಕಳಚಿ ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಮೇಲೆ ಬಿದ್ದ ನಂತರ ಸೊಸೈಟಿಯ ಸಭೆಯಲ್ಲಿ ಎದುರು ಮಾತಾಡುವವರೇ ಉಳಿಯಲಿಲ್ಲ. ಪುನರ್‌ನಿರ್ಮಾಣಕ್ಕೆ ಎಲ್ಲರೂ ಸಹಿ ಹಾಕಿದೆವು. ಹೊಸ ಮನೆಯ ಕೀಲಿ ಕೈಗೆ ಬರುವ ತನಕ ಬಿಲ್ಡರ್ ತಿಂಗಳ ಬಾಡಿಗೆ ಕೊಡುತ್ತಾನೆ. ಮೂರು ವರ್ಷ ಎಂದು ಕರಾರಿನಲ್ಲಿದೆ. ಮುಂಬಯಿಯ ಬಿಲ್ಡರುಗಳ ಮೂರು ವರ್ಷ ಎಂದರೆ ಎಷ್ಟು ಎಂಬುದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಬಾಡಿಗೆ ಮನೆ ಸಿಕ್ಕಿದ್ದು ಪಕ್ಕದ ಠಾಕುರ್ಲಿಯಲ್ಲಿ. ಒಂದು ಹಾಲ್, ಒಂದು ಬೆಡ್‌ರೂಮ್, ಇಬ್ಬರು ನಿಂತರೆ ತುಂಬಿಹೋಗುವ ಅಡುಗೆಮನೆ. ಈಗಿನ ಮನೆಯಲ್ಲಿ ಇರುವ ಮಾಳ ಅಲ್ಲಿಲ್ಲ. ಮನೆ ನೋಡಿ ಬಂದ ಸಂಜೆ ಇವಳು ಒಂದು ನೋಟ್‌ಬುಕ್ ಹಿಡಿದು ಸಾಮಾನಿನ ಪಟ್ಟಿ ಬರೆಯಲು ಕೂತಳು. ಕಪಾಟು, ಮಂಚ, ಫ್ರಿಜ್, ದೇವರ ಮಂಟಪ, ಊರಿನಿಂದ ತಂದ ಅರೆಯುವ ಕಲ್ಲು. ಪುಟದ ಕೊನೆಗೆ ಬಂದು ಪೆನ್ನು ನಿಲ್ಲಿಸಿ ಕೇಳಿದಳು:

"ನಿಮ್ಮ ಗಿಟಾರುಗಳದ್ದು ಏನು ಮಾಡುವುದು?"

"ಏನು ಮಾಡುವುದೆಂದರೆ?"

"ಒಂಬತ್ತು ಉಂಟು ಮಾರಾಯ್ರೇ. ಮಲಗಿಸಿದರೆ ನಮ್ಮ ಹಾಸಿಗೆಗಿಂತ ಜಾಗ ಹೆಚ್ಚು ಬೇಕು. ಅಲ್ಲಿ ಒಂದೋ ನಾವಿರಬೇಕು, ಒಂದೋ ಅವಿರಬೇಕು."

ನಾನು ಪೇಪರ್ ಮಡಚಿಟ್ಟು ಎಣಿಸಿದೆ. ನನ್ನ ಲೆಕ್ಕದಲ್ಲಿ ಏಳಿತ್ತು. ಮಾಳದ ಮೇಲೆ ಹಳೆಯ ಹಾಸಿಗೆಯ ಹಿಂದೆ ಎರಡು ಇದ್ದದ್ದು ನನಗೇ ಮರೆತುಹೋಗಿತ್ತು. ಸಂಗ್ರಹ ಸಂಗ್ರಹ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದವನಿಗೆ ತನ್ನ ಬಳಿ ಎಷ್ಟಿದೆ ಎಂಬುದೇ ಗೊತ್ತಿರಲಿಲ್ಲ ಎಂದರೆ, ಇವಳ ಪ್ರಶ್ನೆಯಲ್ಲಿ ಅರ್ಧ ಉತ್ತರ ಆಗಲೇ ಇತ್ತು.

ಒಂದರಿಂದ ಒಂಬತ್ತಾದ ಬಗೆ

1972ರಲ್ಲಿ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದಾಗ ನನಗೆ 18. ಕೋಟೆ ಪ್ರದೇಶದಲ್ಲಿ ದೊಡ್ಡಪ್ಪನ ಹೋಟೆಲಿನಲ್ಲಿ ಹಗಲು ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ನಮ್ಮ ಪೀಳಿಗೆಯ ಅರ್ಧದಷ್ಟು ಜನರ ಕಥೆ ಇದೇ ಆದ್ದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಶಾಲೆ ಬಿಟ್ಟ ಮೇಲೆ ಧೋಬಿ ತಲಾವ್‌ನ ತನಕ ನಡೆದು ಹೋಗಿ ಫರ್ಟಾಡೋಸ್ ಅಂಗಡಿಯ ಗಾಜಿನ ಹಿಂದೆ ತೂಗು ಹಾಕಿದ್ದ ಗಿಟಾರುಗಳನ್ನು ನೋಡುವುದು ಒಂದು ಚಟವಾಗಿತ್ತು. 1865ರಿಂದ ನಡೆದುಬಂದ ಅಂಗಡಿ ಅದು. ಒಳಗೆ ಕಾಲಿಡುವ ಧೈರ್ಯ ನನಗೆ ಬರಲು ನಾಲ್ಕು ವರ್ಷ ಬೇಕಾಯಿತು.

ಆ ಹೊತ್ತಿಗೆ ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಆದರೂ ಮೊದಲ ಗಿಟಾರು ಕೊಂಡದ್ದು ಅಂಗಡಿಯಲ್ಲಿ ಅಲ್ಲ. ಗೋವೆಗೆ ಹಿಂದಿರುಗುತ್ತಿದ್ದ ಒಬ್ಬ ವೃದ್ಧ ಪಿಟೀಲುವಾದಕರಿಂದ, 1976ರಲ್ಲಿ, 140 ರೂಪಾಯಿಗೆ. ಕೋಲ್ಕತ್ತದಲ್ಲಿ ತಯಾರಾದ ಹವಾಯಿಯನ್ ಗಿಟಾರು. ಈ ಬಗೆಯ ಗಿಟಾರನ್ನು ಎದೆಗೆ ಒರಗಿಸಿ ನುಡಿಸುವುದಿಲ್ಲ. ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸುತ್ತ ನುಡಿಸುವುದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಹೋಗಬಹುದಾದ್ದರಿಂದ ನಮ್ಮ ಸಂಗೀತದ ಮೀಂಡ್ ಅದರಲ್ಲಿ ಸಲೀಸಾಗಿ ಬರುತ್ತದೆ. 1940ರ ದಶಕದಲ್ಲಿ ಹವಾಯಿಯ ಟಾವ್ ಮೋ ಎಂಬ ಕಲಾವಿದರು ಕುಟುಂಬ ಸಮೇತ ಕೋಲ್ಕತ್ತದಲ್ಲಿ ನೆಲೆಸಿ ಅದನ್ನು ಕಲಿಸಿದ್ದರು. ಆಮೇಲೆ ವ್ಯಾನ್ ಶಿಪ್ಲೆ, ಸುನೀಲ್ ಗಂಗೂಲಿ ಮೊದಲಾದವರು ಸಿನಿಮಾ ಹಾಡುಗಳನ್ನು ಅದರಲ್ಲಿ ನುಡಿಸಿ ರೇಡಿಯೋ ಮೂಲಕ ಮನೆಮನೆಗೆ ತಲುಪಿಸಿದರು. ಬ್ರಿಜ್‌ಭೂಷಣ್ ಕಾಬ್ರಾ ಅವರು ಶಿವಕುಮಾರ್ ಶರ್ಮ, ಹರಿಪ್ರಸಾದ್ ಚೌರಾಸಿಯಾ ಅವರ ಜೊತೆ 'ಕಾಲ್ ಆಫ್ ದ ವ್ಯಾಲಿ'ಯಲ್ಲಿ ನುಡಿಸಿದ ಮೇಲಂತೂ ಶಾಸ್ತ್ರೀಯದವರೂ ಮೂಗು ಮುರಿಯುವುದನ್ನು ಕಡಿಮೆ ಮಾಡಿದರು. ನಾನು ಅಷ್ಟು ದೂರ ಹೋದವನಲ್ಲ. ಸಂಘದ ವಾರ್ಷಿಕೋತ್ಸವಗಳಲ್ಲಿ ಭಾವಗೀತೆಗಳ ನಡುವೆ ಒಂದೆರಡು ಆವರ್ತ ತುಂಬಿಕೊಡುವಷ್ಟು ಬರುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟು ಸಾಕಿತ್ತು.

ಉಳಿದ ಎಂಟು ಬಂದದ್ದು ಎಂಟು ದಾರಿಗಳಲ್ಲಿ. 1978ರಲ್ಲಿ ಬ್ಯಾಂಕಿನ ಐವರು ಗೆಳೆಯರು ಸೇರಿ ಕಟ್ಟಿದ ಆರ್ಕೆಸ್ಟ್ರಾ ಹತ್ತು ವರ್ಷ ಗಣೇಶೋತ್ಸವ, ಮದುವೆ, ಸಂಘದ ಸಮಾರಂಭ ಎಂದು ತಿರುಗಿ ನಿಂತಾಗ ಅದರ ಬಾಸ್ ಗಿಟಾರು ನನ್ನ ಮನೆಯಲ್ಲೇ ಉಳಿಯಿತು. 1998ರಲ್ಲಿ ವೇತನ ಪರಿಷ್ಕರಣೆಯ ಬಾಕಿ ಬಂದಾಗ ಒಂದು ಎಲೆಕ್ಟ್ರಿಕ್ ಕೊಂಡೆ. ಆ ಹಣದಲ್ಲಿ ಇವಳಿಗೆ ಬಳೆ ಮಾಡಿಸುವ ಮಾತಿತ್ತು ಎಂಬುದನ್ನು ಇವಳು ಇವತ್ತಿಗೂ ಮರೆತಿಲ್ಲ. ದುಬಾಯಿಯಿಂದ ಭಾವ ತಂದ ನೈಲಾನ್ ತಂತಿಯದ್ದು ಒಂದು. ಹನ್ನೆರಡು ತಂತಿಯದ್ದು ಯಾಕೆ ಕೊಂಡೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವಳಿಗೆಂದು ತಂದ ಯಮಹಾ ಎಫ್310. ಕತ್ತು ಮುರಿದ ಒಂದು, ಬಿಡಿಭಾಗಕ್ಕೆಂದು ಇಟ್ಟದ್ದು. 2014ರಲ್ಲಿ ನಾನು ನಿವೃತ್ತನಾದಾಗ ಅಮೆರಿಕದಲ್ಲಿರುವ ಮಗ ತಂದುಕೊಟ್ಟ ಮಾರ್ಟಿನ್ ಕಂಪನಿಯ ಡಿ-28. ಮತ್ತೆ, ಬಜ್ಪೆಯ ಗೆಳೆಯನದ್ದು. ಅದರ ವಿಷಯ ಮುಂದೆ ಹೇಳುತ್ತೇನೆ.

ದೊಡ್ಡವರು ಮಾರಿದ ರೀತಿ

ಹೀಗೆ ಗಿಟಾರು ತುಂಬಿಸಿಕೊಂಡು ಕೊನೆಗೆ ಖಾಲಿ ಮಾಡಿದ ಮಹನೀಯರು ಜಗತ್ತಿನಲ್ಲಿ ಹಲವರಿದ್ದಾರೆ. ಎರಿಕ್ ಕ್ಲಾಪ್ಟನ್ 1999ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 100 ಗಿಟಾರುಗಳನ್ನು ಮಾರಿ ಸುಮಾರು 50 ಲಕ್ಷ ಡಾಲರನ್ನು ಆಂಟಿಗುವಾದಲ್ಲಿ ತಾವೇ ಸ್ಥಾಪಿಸಿದ್ದ ವ್ಯಸನಮುಕ್ತಿ ಕೇಂದ್ರಕ್ಕೆ ಕೊಟ್ಟರು. 2004ರಲ್ಲಿ ಮತ್ತೊಮ್ಮೆ ಮಾರಿದರು. ಆಗ 'ಬ್ಲ್ಯಾಕಿ' ಎಂಬ ಅವರ ನೆಚ್ಚಿನ ಗಿಟಾರೊಂದಕ್ಕೇ 9,59,500 ಡಾಲರ್ ಬಂತು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ 2019ರಲ್ಲಿ 120ಕ್ಕೂ ಹೆಚ್ಚು ಗಿಟಾರುಗಳನ್ನು ಮಾರಿ ಬಂದ ಎರಡು ಕೋಟಿ ಡಾಲರಿಗೂ ಮಿಕ್ಕಿದ ಹಣವನ್ನು ಪರಿಸರ ರಕ್ಷಣೆಗೆ ಹೋರಾಡುವ ಸಂಸ್ಥೆಗೆ ಕೊಟ್ಟರು. 2024ರ ಜನವರಿಯಲ್ಲಿ ಲಂಡನ್ನಿನಲ್ಲಿ ಮಾರ್ಕ್ ನಾಪ್ಫ್ಲರ್ ಅವರ ಸರದಿ.

ಇದನ್ನೆಲ್ಲ ನಾನು ಇವಳಿಗೆ ಓದಿ ಹೇಳಿದೆ. ಅವಳು ಬೀನ್ಸ್ ಮುರಿಯುತ್ತಿದ್ದಳು. "ಅವರು ಮಾರಿದ್ದು ಎಷ್ಟು?" "ನೂರು, ನೂರಿಪ್ಪತ್ತು." "ಅವರಿಗೇ ಮಾರಲಿಕ್ಕೆ ಆಗುವುದಾದರೆ ನಿಮಗೆ ಒಂಬತ್ತು ಏನು ಕಷ್ಟ?"

ಕಷ್ಟ ಏನೆಂದರೆ, ಅವರ ಗಿಟಾರಿನ ಬೆಲೆ ಅವರು ಮುಟ್ಟಿದ್ದರಿಂದ ಏರಿತು. ನಮ್ಮದು ನಾವು ಮುಟ್ಟಿದ್ದರಿಂದ ಇಳಿಯಿತು. ಎಲೆಕ್ಟ್ರಿಕ್ ಗಿಟಾರನ್ನು ಅದರ ಆಂಪ್ಲಿಫೈಯರ್ ಸಮೇತ ನೋಡಲು ಕಲ್ಯಾಣದಿಂದ ಬಂದ ಕಾಲೇಜು ಹುಡುಗನೊಬ್ಬ ಎಲ್ಲ ಗುಂಡಿಗಳನ್ನು ತಿರುಗಿಸಿ, "ಅಂಕಲ್, ಇದು ಗರಗರ ಅನ್ನುತ್ತೆ" ಎಂದು ಹಿಂದಿಯಲ್ಲಿ ಹೇಳಿ, ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಬೆಲೆಯ ಮೂರನೇ ಒಂದು ಭಾಗಕ್ಕೆ ಇಳಿಸಿದ. ಆಮೇಲೆ ಹತ್ತು ನಿಮಿಷ ಏನೋ ನುಡಿಸಿದ. ಅದು ಯಾವ ಸಂಗೀತವೋ ನನಗೆ ತಿಳಿಯಲಿಲ್ಲ, ಆದರೆ ಅವನ ಎಡಗೈಯ ಬೆರಳುಗಳು ಹೋಗುತ್ತಿದ್ದ ವೇಗಕ್ಕೆ ನಾನು ಬಾಯಿ ಬಿಟ್ಟು ಕೂತಿದ್ದೆ. ಕೊಟ್ಟುಬಿಟ್ಟೆ. ಹನ್ನೆರಡು ತಂತಿಯದ್ದನ್ನು ಅವನ ಗೆಳೆಯ ಮರುದಿನ ಒಯ್ದ.

ಮಗಳ ಯಮಹಾಕ್ಕೂ ಒಬ್ಬ ಗಿರಾಕಿ ಬಂದ. ನಾನು ಆಗ ಬ್ಯಾಂಕಿಗೆ ಹೋಗಿದ್ದೆ. ಹಿಂದೆ ಬಂದು ಕೇಳಿದರೆ ಇವಳು, "ಅದು ಮಾರಿ ಆಯಿತು ಅಂತ ಹೇಳಿ ಕಳಿಸಿದೆ" ಎಂದಳು. "ಯಾರಿಗೆ ಮಾರಿದ್ದು?" "ಯಾರಿಗೂ ಇಲ್ಲ. ಅದರಲ್ಲಿ ಅವಳು ಅಂಟಿಸಿದ ಸ್ಟಿಕ್ಕರ್ ಎಲ್ಲ ಉಂಟು." ಪುಣೆಯಲ್ಲಿರುವ ಮಗಳಿಗೆ ಫೋನ್ ಮಾಡಿದರೆ ಅವಳು, "ಅಪ್ಪ, ನನಗೆ ಅದು ಬೇಡವೇ ಬೇಡ, ಯಾರಿಗಾದರೂ ಕೊಡಿ" ಎಂದಳು. ಅಮ್ಮ ಕೇಳಲಿಲ್ಲ. ಪಟ್ಟಿ ಬರೆದವರದ್ದೂ ಒಂದು ಉಳಿಯಬೇಕಲ್ಲ ಎಂದುಕೊಂಡು ನಾನು ಸುಮ್ಮನಾದೆ.

ಬಜ್ಪೆಯ ಗೆಳೆಯನದ್ದು

ಬ್ಯಾಂಕಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವನು ಬಜ್ಪೆಯ ಕೆಥೊಲಿಕ್ ಹುಡುಗ. ನಾನು ಅವನನ್ನು ತಮಾಷೆಗೆ "ಪೊರ್ಬುಲೇ" ಎನ್ನುತ್ತಿದ್ದೆ. ನಾನು ಭಟ್ಟನಲ್ಲದಿದ್ದರೂ ಅವನು ನನ್ನನ್ನು "ಭಟ್ರೇ" ಎನ್ನುತ್ತಿದ್ದ. ನಮ್ಮಿಬ್ಬರ ಮಾತು ತುಳುವಿನಲ್ಲಿ, ಜಗಳ ಕನ್ನಡದಲ್ಲಿ. ಚರ್ಚಿನ ಗಾಯನ ವೃಂದದಲ್ಲಿ ಬೆಳೆದವನಾದ್ದರಿಂದ ನಮ್ಮ ಐವರಲ್ಲಿ ಸಂಗೀತ ಓದಿ ನುಡಿಸಲು ಬರುತ್ತಿದ್ದವನು ಅವನೊಬ್ಬನೇ. ಎದೆಗೆ ಒರಗಿಸಿ ನುಡಿಸುವ ಗಿಟಾರನ್ನು ನನಗೆ ಕಲಿಸಿದ್ದೂ ಅವನೇ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬ್ಯಾಂಕಿನ ತಾರಸಿಯಲ್ಲಿ, ಊಟ ಬಿಟ್ಟು.

1987ರಲ್ಲಿ ಅವನು ಹೆಂಡತಿ ಮಗುವಿನೊಂದಿಗೆ ಕೆನಡಾಕ್ಕೆ ಹೊರಟ. ಹೋಗುವ ಮುನ್ನಾದಿನ ಡೊಂಬಿವಲಿಗೆ ಬಂದು ತನ್ನ ಗಿಟಾರನ್ನು ನಮ್ಮ ಮನೆಯಲ್ಲಿಟ್ಟು, "ಇದು ನಿಮ್ಮಲ್ಲಿ ಇರಲಿ ಭಟ್ರೇ" ಎಂದ. ನಾನದನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿ ಕಪಾಟಿನ ಮೇಲಿಟ್ಟೆ. ಅವನು ಎರಡು ಸಲ ಊರಿಗೆ ಬಂದಾಗಲೂ ಮಂಗಳೂರಿಗೆ ನೇರ ಹೋದ. ಮೂರನೆಯ ಸಲ ಬರಲಿಲ್ಲ. 2011ರಲ್ಲಿ ಅವನು ತೀರಿಕೊಂಡ ಸುದ್ದಿ ನನಗೆ ತಲುಪುವಾಗ ಎರಡು ತಿಂಗಳಾಗಿತ್ತು.

ಇನ್ನೊಬ್ಬನ ವಸ್ತು ಎಂದು 38 ವರ್ಷ ನಾನದನ್ನು ನುಡಿಸಲಿಲ್ಲ. ಮನೆಗೆ ಬಂದ ಮಕ್ಕಳಿಗೆ ಮುಟ್ಟಲು ಬಿಡಲಿಲ್ಲ. ಈಗ ಮನೆ ಬಿಡುವ ಹೊತ್ತಿಗೆ ಪ್ಲಾಸ್ಟಿಕ್ ಬಿಚ್ಚಿ ಪೆಟ್ಟಿಗೆ ತೆರೆದರೆ ಒಳಗಿನಿಂದ ಹಳೆಯ ಗೋಣಿಯ ವಾಸನೆ. ತಂತಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ, ಅಂದರೆ ಬ್ರಿಜ್, ಹಿಂಬದಿಯಿಂದ ಕಿತ್ತು ಮೇಲೆದ್ದಿತ್ತು. ಅದರ ಸುತ್ತಲಿನ ಹಲಗೆ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಕತ್ತು ಬಿಲ್ಲಿನಂತೆ ಬಾಗಿತ್ತು.

ದಾದರಿನಲ್ಲಿ ವಾದ್ಯ ರಿಪೇರಿ ಮಾಡುವವರೊಬ್ಬರ ಬಳಿ ಒಯ್ದೆ. ಅವರು ಕನ್ನಡಕ ಹಣೆಗೇರಿಸಿ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಂದೂಕಿನ ಗುರಿ ನೋಡುವಂತೆ ನೋಡಿ, ಮರಾಠಿಯಲ್ಲಿ ಕೇಳಿದರು: "ಕಾಕಾ, ತಂತಿ ಸಡಿಲಿಸದೆ ಇಟ್ಟಿದ್ದಿರಾ?"

ಹೌದು. ಅವನು ಶ್ರುತಿ ಮಾಡಿ ಕೊಟ್ಟದ್ದನ್ನು ಹಾಗೆಯೇ ಇಟ್ಟಿದ್ದೆ. ಅವನ ಶ್ರುತಿಯನ್ನು ಕೆಡಿಸಬಾರದು ಎಂದೇ ಇಟ್ಟಿದ್ದೆ.

ಅವರು ವಿವರಿಸಿದ್ದನ್ನು ಇಲ್ಲಿ ಬರೆಯುತ್ತೇನೆ, ಮನೆಯಲ್ಲಿ ಗಿಟಾರೋ ತಂಬೂರಿಯೋ ಪೆಟ್ಟಿಗೆಯಲ್ಲಿಟ್ಟವರು ಓದುಗರಲ್ಲಿ ಇದ್ದೇ ಇರುತ್ತಾರೆ. ಗಿಟಾರಿನ ಆರು ಉಕ್ಕಿನ ತಂತಿಗಳು ಶ್ರುತಿಯಲ್ಲಿದ್ದಾಗ ಒಟ್ಟು ಸುಮಾರು 70 ಕಿಲೋ ತೂಕದಷ್ಟು ಬಲದಿಂದ ಕತ್ತನ್ನೂ ಬ್ರಿಜ್ಜನ್ನೂ ಎಳೆಯುತ್ತಿರುತ್ತವೆ. ಹನ್ನೆರಡು ತಂತಿಯದಾದರೆ ಅದು 100 ಕಿಲೋ ಮೀರುತ್ತದೆ. ಒಬ್ಬ ಮನುಷ್ಯ ಹಗಲೂ ರಾತ್ರಿ ಅದಕ್ಕೆ ಜೋತುಬಿದ್ದಂತೆ. ಮೇಲಿನ ಹಲಗೆಯ ದಪ್ಪವಾದರೂ ಎಷ್ಟು? ಮೂರು ಮಿಲಿಮೀಟರಿನ ಆಸುಪಾಸು. ವಾದ್ಯ ತಯಾರಕರು ಗಾಳಿಯ ತೇವ ಶೇಕಡಾ 45ರಿಂದ 55ರ ಒಳಗಿರಬೇಕು ಎನ್ನುತ್ತಾರೆ. ನಮ್ಮ ಮುಂಬಯಿಯ ಮಳೆಗಾಲದಲ್ಲಿ ಅದು 80 ದಾಟುವುದು ದಿನನಿತ್ಯದ ಮಾತು. ಮರ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಮತ್ತೆ ಕುಗ್ಗುತ್ತದೆ, ಅಂಟು ಬಿಡುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಒಳಗೆ ಸೇರಿದ ತೇವ ಹೊರಗೆ ಹೋಗಲಾರದು. ದಿನವೂ ನುಡಿಸುವವನ ಕೈಗೆ ತಂತಿ ಎತ್ತರವಾದದ್ದು, ಬ್ರಿಜ್ ಎದ್ದದ್ದು ಮೊದಲ ವಾರದಲ್ಲೇ ತಿಳಿಯುತ್ತದೆ, ಅಂದೇ ರಿಪೇರಿಗೆ ಕೊಡುತ್ತಾನೆ. ತಿಂಗಳುಗಟ್ಟಲೆ ಇಡುವುದಾದರೆ ತಂತಿಯನ್ನು ಕೆಲವು ಸುತ್ತು ಸಡಿಲಿಸಬೇಕು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಬೇಕು. ತಿಂಗಳಿಗೊಮ್ಮೆ ತೆಗೆದು ಗಾಳಿಗಿಡಬೇಕು. ಹೊರಗೋಡೆಗೆ ತಾಗಿಸಿ ಇಡಬಾರದು.

ಇದರಲ್ಲಿ ಒಂದನ್ನೂ ನಾನು ಮಾಡಿರಲಿಲ್ಲ. ಮನೆಯಲ್ಲಿ ಅತ್ಯಂತ ಜೋಪಾನ ಮಾಡಿದ ಗಿಟಾರೇ ಅತ್ಯಂತ ಹಾಳಾಗಿತ್ತು. ರಿಪೇರಿಯ ಖರ್ಚು ಕೇಳಿದರೆ ಆ ಹಣಕ್ಕೆ ಹೊಸ ಯಮಹಾ ಒಂದು ಬರುತ್ತದೆ. ಬೇಕೇ ಎಂದು ಅವರೇ ಕೇಳಿದರು. ನಾಳೆ ಹೇಳುತ್ತೇನೆ ಎಂದು ಗಿಟಾರನ್ನು ಅಲ್ಲೇ ಬಿಟ್ಟು ಬಂದೆ. ಲೋಕಲ್‌ನಲ್ಲಿ ನಿಂತು ಬರುವಾಗ, ವಸ್ತು ನನ್ನದಲ್ಲ, ನಿರ್ಧಾರ ಮಾಡಬೇಕಾದವನು ನಾನಲ್ಲ ಎಂಬುದು ಹೊಳೆಯಿತು. ಆದರೆ ಕೇಳುವುದು ಯಾರನ್ನು?

ಮಂಗಳೂರಿನ ಒಬ್ಬ ಹಳೆಯ ಸಹೋದ್ಯೋಗಿಯಿಂದ ಅವನ ಹೆಂಡತಿಯ ನಂಬರ್ ಸಿಕ್ಕಿತು. ಕೆನಡಾದಲ್ಲಿ ಬೆಳಗಾಗುವ ಹೊತ್ತು ನೋಡಿ ಫೋನ್ ಮಾಡಿದೆ. ನನ್ನ ಗುರುತು ಹೇಳಬೇಕಾಯಿತು. "ಓ, ಡೊಂಬಿವಲಿಯ ಅಣ್ಣನಾ!" ಎಂದು ತುಳುವಿನಲ್ಲೇ ಮಾತಿಗಿಳಿದರು. ಮಕ್ಕಳು, ಮೊಮ್ಮಕ್ಕಳು, ಮಂಡಿನೋವು, ಹಿಮ. ಕೊನೆಗೆ ನಾನು ಗಿಟಾರಿನ ವಿಷಯ ತೆಗೆದೆ. ನನ್ನಿಂದ ಅದು ಹಾಳಾಗಿದೆ, ಕ್ಷಮಿಸಬೇಕು ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು. "ಅಣ್ಣ, ಅದನ್ನು ನೀವು ಇನ್ನೂ ಇಟ್ಟುಕೊಂಡಿದ್ದೀರಾ? ಅದು ಅವರು ನಿಮಗೇ ಅಂತ ಕೊಟ್ಟದ್ದಲ್ಲವಾ? ಇಲ್ಲಿಗೆ ಬಂದ ಮೊದಲ ವರ್ಷವೇ ಬೇರೆ ತಗೊಂಡಿದ್ದರು. ಭಟ್ರು ಈಗ ಆ ಗಿಟಾರ್ ನುಡಿಸಿ ನುಡಿಸಿ ಸವೆಸಿರಬಹುದು ಅಂತ ಎಷ್ಟೋ ಸಲ ಹೇಳ್ತಿದ್ರು."

ಇರಲಿ ಎಂದದ್ದನ್ನು ನಾನು ಅಡವು ಎಂದು ತಿಳಿದಿದ್ದೆ. ಅವನು ಕಾಣಿಕೆ ಎಂದು ಕೊಟ್ಟಿದ್ದ. ಬ್ಯಾಂಕಿನಲ್ಲಿ 39 ವರ್ಷ ಲಾಕರ್, ಠೇವಣಿ, ರಶೀದಿಗಳ ನಡುವೆ ಕಳೆದವನ ತಲೆ ಹಾಗೆಯೇ ಓಡುತ್ತದೋ ಏನೋ. ಮರುದಿನ ದಾದರಿಗೆ ಫೋನ್ ಮಾಡಿ ರಿಪೇರಿ ಮಾಡಲು ಹೇಳಿದೆ. ಖರ್ಚಿನ ಬಗ್ಗೆ ಇವಳು ಏನೂ ಕೇಳಲಿಲ್ಲ.

ಸಂಘಕ್ಕೆ ಕೊಡುವ ವಿಚಾರ

ಉಳಿದವನ್ನು ಸಂಘಕ್ಕೆ ಕೊಡೋಣ ಎಂಬ ಯೋಚನೆ ಎಲ್ಲರಿಗೂ ಬರುವಂತೆ ನನಗೂ ಬಂತು. ಮನೆ ಬದಲಿಸುವಾಗ ನಮ್ಮವರು ಎರಡು ವಸ್ತು ಸಂಘಕ್ಕೆ ಕೊಡುತ್ತಾರೆ, ಹಳೆಯ ಪುಸ್ತಕ ಮತ್ತು ಹಳೆಯ ಹಾರ್ಮೋನಿಯಂ. ಸನ್ಮಾನದ ಶಾಲು, ಸ್ಮರಣಿಕೆ, ಫಲಕಗಳನ್ನು ಮಾತ್ರ ಯಾರೂ ಕೊಡುವುದಿಲ್ಲ, ಕೊಟ್ಟರೂ ಯಾರೂ ತೆಗೆದುಕೊಳ್ಳುವುದಿಲ್ಲ. ನಮ್ಮ ಸಂಘದ ಕಾರ್ಯದರ್ಶಿ ವಯಸ್ಸಿನಲ್ಲಿ ಕಿರಿಯ, ನೇರ ಮಾತಿನವರು. ನನ್ನನ್ನು ಕಚೇರಿಯ ಒಳಕೋಣೆಗೆ ಕರೆದುಕೊಂಡು ಹೋಗಿ ಉಕ್ಕಿನ ಕಪಾಟು ತೆರೆದು ತೋರಿಸಿದರು. ಮೂರು ಹಾರ್ಮೋನಿಯಂ, ಚರ್ಮ ಹರಿದ ಎರಡು ಜೋಡಿ ತಬಲಾ, ಯಕ್ಷಗಾನದ ಹಳೆಯ ಕಿರೀಟಗಳು, ಯಾರೋ ದಾನ ಕೊಟ್ಟ ಒಂದು ವೀಣೆ. "ಅಣ್ಣ, ನೀವು ಕೊಟ್ಟರೆ ನಾನು ಬೇಡ ಅನ್ನುವುದಿಲ್ಲ. ಫೋಟೋ ತೆಗೆದು ಪೇಪರಿಗೂ ಕಳಿಸುತ್ತೇನೆ. ಆದರೆ ಅದು ಇರುವುದು ಇಲ್ಲೇ."

ನಿಮ್ಮ ನಿಮ್ಮ ಸಂಘದ ಕಪಾಟನ್ನೂ ಒಮ್ಮೆ ತೆರೆದು ನೋಡಬಹುದು.

ಆದರೆ ಅವರೇ ಇನ್ನೊಂದು ವಿಷಯ ಹೇಳಿದರು. ಯುವ ವಿಭಾಗದ ಒಬ್ಬ ಹುಡುಗ ಭಾನುವಾರ ಬೆಳಗ್ಗೆ ಸಭಾಗೃಹದಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಗಿಟಾರು ಕಲಿಸುತ್ತಾನೆ. ಕಲಿಯಲು ಬರುವ ಮಕ್ಕಳಲ್ಲಿ ಕನ್ನಡ ಮಾತಾಡುವವರು ಅರ್ಧ, ಅರ್ಥ ಮಾಡಿಕೊಳ್ಳುವವರು ಇನ್ನರ್ಧ. ಆದರೂ ರಾಜ್ಯೋತ್ಸವಕ್ಕೆ ಎರಡು ಭಾವಗೀತೆ ಕಲಿಸಿ ಕೂರಿಸಿದ್ದಾನಂತೆ. ಅಲ್ಲಿಗೆ ಬಾಸ್ ಗಿಟಾರನ್ನು ಒಯ್ದುಕೊಟ್ಟೆ. ಕೊಡುವ ಮೊದಲು ಆರ್ಕೆಸ್ಟ್ರಾದ ಉಳಿದ ಇಬ್ಬರನ್ನು ಕೇಳಿದೆ. ಐವರಲ್ಲಿ ಈಗ ನಾವು ಮೂವರೇ. ಒಬ್ಬ, "ಅದಿನ್ನೂ ಉಂಟಾ!" ಎಂದ. ಇನ್ನೊಬ್ಬನಿಗೆ ಕಿವಿ ಕೇಳುವುದಿಲ್ಲ, ಅವನ ಸೊಸೆ ಒಪ್ಪಿಗೆ ತಿಳಿಸಿದಳು.

ನೈಲಾನ್ ತಂತಿಯದ್ದು ಕೆಳಗಿನ ಮನೆಯ ಹುಡುಗಿಗೆ ಹೋಯಿತು. ಮೆದು ತಂತಿಯಾದ್ದರಿಂದ ಕಲಿಯುವ ಮಕ್ಕಳ ಬೆರಳಿಗೆ ಅದು ಒಳ್ಳೆಯದು. ಕತ್ತು ಮುರಿದದ್ದನ್ನು ದಾದರಿನವರು ಬಿಡಿಭಾಗಕ್ಕೆ ಇಟ್ಟುಕೊಂಡರು.

ಬೀಟೆ ಮರ ಹೋಗಿ ಬಂದ ದಾರಿ

ಕೊನೆಗೆ ಉಳಿದ ದೊಡ್ಡ ಪ್ರಶ್ನೆ ಮಗ ಕೊಟ್ಟ ಮಾರ್ಟಿನ್. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಜರೆತ್ ಎಂಬ ಊರಿನ ಕಂಪನಿ, 1833ರಷ್ಟು ಹಳೆಯದು. ಮೊದಲು ಅವರು ಈ ಮಾದರಿಯ ಬೆನ್ನು ಮತ್ತು ಪಕ್ಕಗಳಿಗೆ ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿದ್ದರು. ಅಲ್ಲಿಂದ ದಿಮ್ಮಿಗಳ ರಫ್ತು ನಿಂತ ಮೇಲೆ 1969ರ ಕೊನೆಯಿಂದ ಭಾರತದ ರೋಸ್‌ವುಡ್‌ಗೆ ತಿರುಗಿದರು. ಅದು ಬೇರೇನೂ ಅಲ್ಲ, ನಮ್ಮ ಮಲೆನಾಡಿನ ಕಾಡುಗಳಲ್ಲೂ ಬೆಳೆಯುವ ಬೀಟೆ. ನಮ್ಮ ಹಳೆಯ ಮನೆಯ ಕಪಾಟು, ಅಜ್ಜನ ಕುರ್ಚಿ ಎಲ್ಲ ಅದರದ್ದೇ. 2017ರ ಜನವರಿಯಲ್ಲಿ ರೋಸ್‌ವುಡ್ ಕುಲದ ಮರಗಳನ್ನೆಲ್ಲ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಗೆ ಸೇರಿಸಿದಾಗ ಗಿಟಾರು ತಯಾರಕರೆಲ್ಲ ಪರವಾನಗಿಗಾಗಿ ಪರದಾಡಿದರು. 2019ರ ನವೆಂಬರಿನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಇಲ್ಲಿನ ಮರ ಸಮುದ್ರ ದಾಟಿ ಹೋಗಿ, ಗಿಟಾರಾಗಿ, ವಿಮಾನದಲ್ಲಿ ಡೊಂಬಿವಲಿಗೆ ಬಂದಿತ್ತು. ಬಂದು ಹನ್ನೊಂದು ವರ್ಷಗಳಲ್ಲಿ ನಾನದನ್ನು ಇಪ್ಪತ್ತು ಸಲ ನುಡಿಸಿರಬಹುದು. ಎರಡೂವರೆ ಸಾವಿರ ಡಾಲರಿನ ಆಸುಪಾಸಿನ ವಸ್ತು. ಕೈಗೆತ್ತಿಕೊಂಡರೆ ಬೆವರು ತಾಗೀತು, ಮಳೆಗಾಲದಲ್ಲಿ ಪೆಟ್ಟಿಗೆ ತೆರೆದರೆ ತೇವ ಸೇರೀತು ಎಂಬ ಭಯ.

ಭಯ ಒಂದೇ ಅಲ್ಲ. ನಾಲ್ಕು ವರ್ಷದಿಂದ ನನ್ನ ಎಡಗೈಯ ಉಂಗುರ ಬೆರಳು ಮಡಚಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬಲಗೈಯಿಂದ ಬಿಡಿಸಬೇಕು. ಉಕ್ಕಿನ ತಂತಿಯನ್ನು ಒತ್ತಿಹಿಡಿದು ಹತ್ತು ನಿಮಿಷ ನುಡಿಸಿದರೆ ರಾತ್ರಿ ನಿದ್ದೆ ಇಲ್ಲ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತೊಡೆಯ ಮೇಲಿಟ್ಟು ನುಡಿಸುವ ಆ 140 ರೂಪಾಯಿಯ ಹವಾಯಿಯನ್ ಗಿಟಾರಿನಲ್ಲಿ ಬೆರಳು ಒತ್ತುವ ಕೆಲಸವಿಲ್ಲ, ಉಕ್ಕಿನ ತುಂಡು ಜಾರಿಸಿದರಾಯಿತು. ಯಾವುದು ಉಳಿಯಬೇಕು ಎಂಬುದರಲ್ಲಿ ಅರ್ಧವನ್ನು ಬೆರಳೇ ತೀರ್ಮಾನಿಸಿತ್ತು, ನಾನು ಒಪ್ಪಿಕೊಳ್ಳುವುದಷ್ಟೇ ಬಾಕಿ ಇತ್ತು.

ಮಗನಿಗೆ ಹೇಳುವುದು ಹೇಗೆಂದು ವಾರವಿಡೀ ಯೋಚಿಸಿದೆ. ಫೋನಿನಲ್ಲಿ ಸುತ್ತಿ ಬಳಸಿ ಹೇಳಿದ್ದನ್ನು ಕೇಳಿ ಅವನು, "ಅಪ್ಪ, ನಾನು ಅದನ್ನು ನೀವು ನುಡಿಸಲಿ ಅಂತ ತಂದದ್ದು, ಕಾಯಲಿ ಅಂತ ಅಲ್ಲ" ಎಂದ. ಮಾರುವುದಾದರೆ ಮಾರಿ, ಬೇಕಾದರೆ ಬಂದಾಗ ನಾನೇ ಒಯ್ಯುತ್ತೇನೆ ಎಂದೂ ಹೇಳಿದ. ದನಿಯಲ್ಲಿ ಬೇಸರ ಇತ್ತೋ ಇಲ್ಲವೋ ಫೋನಿನಲ್ಲಿ ಹೇಗೆ ತಿಳಿಯಬೇಕು? ಬೆರಳಿನ ವಿಷಯ ಕೇಳಿ ಅರ್ಧ ಗಂಟೆ ಬೈದ. ಅದು ಬೇರೆ.

ಮಾರಲು ಮನಸ್ಸಾಗಲಿಲ್ಲ. ಭಾನುವಾರ ಬಾಸ್ ಕೊಡಲು ಹೋದಾಗ ಕಲಿಸುವ ಹುಡುಗನ ಗಿಟಾರನ್ನು ನೋಡಿದ್ದೆ. ಪ್ಲೈವುಡ್‌ನದ್ದು, ಬ್ರಿಜ್ಜಿನ ಕೆಳಗೆ ರಟ್ಟು ಸಿಕ್ಕಿಸಿ ಸಂಭಾಳಿಸುತ್ತಿದ್ದ. ಅದರಲ್ಲೇ ಅವನು ನುಡಿಸಿದ್ದು ಕೇಳಿ ಮುಂದಿನ ಸಾಲಿನ ತಾಯಂದಿರು ಮಾತು ನಿಲ್ಲಿಸಿದ್ದರು. ಮುಂದಿನ ಭಾನುವಾರ ಮಾರ್ಟಿನನ್ನು ಹೊತ್ತುಕೊಂಡು ಹೋದೆ. ಹುಡುಗ ಪೆಟ್ಟಿಗೆ ತೆರೆದು ಹೆಸರು ಓದಿ ಕೈ ಹಿಂದೆ ತೆಗೆದ. "ಅಂಕಲ್, ಇದು ಬೇಡ. ಏನಾದರೂ ಆದರೆ?" "ಏನಾದರೂ ಆಗುವುದು ನುಡಿಸದಿದ್ದರೆ" ಎಂದೆ. ನನ್ನ ಹೊಸ ಮನೆ ಕಟ್ಟಿ ಆಗುವ ತನಕ ನಿನ್ನ ಹತ್ತಿರ ಇರಲಿ, ದಿನವೂ ನುಡಿಸು, ಮಕ್ಕಳಿಗೂ ಕೊಡು ಎಂದೆ. ಕೊಟ್ಟು ಮನೆಗೆ ಬಂದಾಗ ಇವಳು ಕೇಳಿದಳು: "ಬರೆಸಿಕೊಂಡಿರಾ?" ಇಲ್ಲ. "ಅಂದರೆ ಎರವಲೋ, ದಾನವೋ?" ಇರಲಿ ಎಂದು ಕೊಟ್ಟೆ ಎಂದೆ. ಅವಳು ನನ್ನ ಮುಖ ನೋಡಿದಳು, ಮತ್ತೇನೂ ಹೇಳಲಿಲ್ಲ.

ಹಾಗಾಗಿ ಠಾಕುರ್ಲಿಗೆ ಹೋಗುವುದು ಮೂರು. ಹವಾಯಿಯನ್, ಸ್ಟಿಕ್ಕರಿನ ಯಮಹಾ, ಬಜ್ಪೆಯವನದ್ದು. ದಾದರಿನಿಂದ ಅದು ಮೊನ್ನೆ ಬಂತು. ಉಬ್ಬು ಪೂರ್ತಿ ಇಳಿದಿಲ್ಲ, ಹಳೆಯ ಬಣ್ಣದ ಮೇಲೆ ಅಂಟಿನ ಗೆರೆ ಕಾಣುತ್ತದೆ. ತೆಳ್ಳನೆಯ ತಂತಿ ಹಾಕಿ, ಶ್ರುತಿಯನ್ನು ಒಂದು ಸ್ವರ ಕೆಳಗೇ ಇಡಿ ಎಂದು ಹೇಳಿಕಳಿಸಿದ್ದಾರೆ. ಕೆಳಗಿನ ಶ್ರುತಿಯಲ್ಲಿ ನನ್ನ ಬೆರಳಿಗೂ ಅದು ಐದು ನಿಮಿಷ ಬಗ್ಗುತ್ತದೆ.

ಟೆಂಪೋದವನು ಬರುವುದು 15ನೇ ತಾರೀಕಿಗೆ. ಅವನ ಹುಡುಗರು ಪೆಟ್ಟಿಗೆಗಳನ್ನು ಎಸೆಯುವ ರೀತಿಯನ್ನು ಎರಡನೇ ಮಾಳಿಗೆಯವರ ಸಾಮಾನು ಹೋಗುವಾಗ ಕಣ್ಣಾರೆ ನೋಡಿದ್ದೇನೆ. ಯಮಹಾವನ್ನು ಇವಳು ಹಾಸಿಗೆಯ ನಡುವೆ ಸುತ್ತಿ ಕಳಿಸುತ್ತಾಳಂತೆ. ಉಳಿದ ಎರಡನ್ನು ಎರಡು ಸಲ ಹೋಗಿ ನಾನೇ ಒಯ್ಯುವುದೆಂದು ಮಾಡಿದ್ದೇನೆ. ಠಾಕುರ್ಲಿಗೆ ಇಲ್ಲಿಂದ ಒಂದೇ ಸ್ಟೇಷನ್, ಮಧ್ಯಾಹ್ನದ ಲೋಕಲ್‌ನಲ್ಲಿ ಜನ ಕಡಿಮೆ.